ಆಲೂಗಡ್ಡೆಗೆ ಕತ್ತಲೆಯೇ ಕ್ಷೇಮ

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ರಾಶಿ ಹಾಕಿದ ಆಲೂಗಡ್ಡೆ ಕೆಲವೇ ದಿನಗಳಲ್ಲಿ ಬೆಳಕು ಬಿದ್ದ ಮಗ್ಗುಲಲ್ಲಿ ಹಸಿರಾಗುತ್ತದೆ. ಆ ಹಸಿರು ಸೊಪ್ಪಿನಲ್ಲಿರುವ ಪತ್ರಹರಿತ್ತೇ. ಅದರಿಂದ ಯಾವ ಅಪಾಯವೂ ಇಲ್ಲ. ಆದರೆ ಅದನ್ನು ಹುಟ್ಟಿಸಿದ ಬೆಳಕು ಸಿಪ್ಪೆಯಡಿಯಲ್ಲಿ ಸೋಲನಿನ್ ಮತ್ತು ಚಾಕೊನಿನ್ ಎಂಬ ವಿಷಗಳನ್ನೂ ಹೆಚ್ಚಿಸಿರುತ್ತದೆ. ಕೀಟ, ಬೂಷ್ಟುಗಳನ್ನು ದೂರವಿಡಲು ಗಿಡ ತನಗಾಗಿ ಮಾಡಿಕೊಳ್ಳುವ ಮದ್ದುಗಳಿವು. ಒಳ್ಳೆಯ ಗಡ್ಡೆಯಲ್ಲೂ ಇವು ಅಲ್ಪಸ್ವಲ್ಪ ಇದ್ದೇ ಇರುತ್ತವೆ. ಕಿಲೋಗೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎಂಬುದು ರೂಢಿಯ ಮಿತಿ. ಸಿಪ್ಪೆ ಮತ್ತು ಕಣ್ಣುಗಳಲ್ಲಿ ಹೆಚ್ಚು, ಮೊಳಕೆಯಲ್ಲಂತೂ ಹಲವು ಪಟ್ಟು ಹೆಚ್ಚು, ಒಳತಿರುಳಿನಲ್ಲಿ ತೀರ ಕಡಿಮೆ. ಪೆಟ್ಟು ಬಿದ್ದರೂ ಕತ್ತರಿಸಿಟ್ಟರೂ ಅವು ಏರುತ್ತವೆ. ಹಾಗಾಗಿ ಗಡ್ಡೆ ಎಷ್ಟು ಸುರಕ್ಷಿತ ಎಂಬುದು ಒಲೆಯ ಮೇಲಲ್ಲ, ಅದನ್ನು ಇಟ್ಟ ಜಾಗದಲ್ಲೇ ಬಹುಪಾಲು ತೀರ್ಮಾನವಾಗುತ್ತದೆ.

ಬೇಯಿಸಿದರೆ ಎಲ್ಲ ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುವುದಿಲ್ಲ. ಕುದಿಯುವ ನೀರಿನ ಶಾಖಕ್ಕೆ ಈ ವಿಷಗಳು ಜಗ್ಗುವುದಿಲ್ಲ, ಪಲ್ಯದ ಎಣ್ಣೆಗೂ ಅಷ್ಟೇ. ಹಸಿರಾದ ಗಡ್ಡೆಯನ್ನು ಮತ್ತೆ ಕತ್ತಲಲ್ಲಿಟ್ಟರೂ ಸೇರಿಕೊಂಡ ವಿಷ ಇಳಿದುಹೋಗುವ ಭರವಸೆಯಿಲ್ಲ. ಸಿಪ್ಪೆಯನ್ನು ದಪ್ಪವಾಗಿ ಹೆರೆದು, ಕಣ್ಣುಗಳನ್ನು ಕೆತ್ತಿ ತೆಗೆದರೆ ಬಹುಪಾಲು ಕಳೆಯುತ್ತದೆ ನಿಜ. ಆದರೆ ಹಸಿರು ಒಳಗಿನವರೆಗೂ ಇಳಿದಿದ್ದರೆ, ತಿಂದಾಗ ಕಹಿಯಾಗಿ ಗಂಟಲು ಉರಿದರೆ, ಬಿಸಾಡುವುದೇ ಸರಿ. ಇನ್ನೊಂದು ಆಕ್ಷೇಪ: ತಲೆತಲಾಂತರದಿಂದ ತಿನ್ನುತ್ತಿದ್ದೇವೆ, ಯಾರಿಗೇನಾಯಿತು? ಆಗುವುದು ಅಪರೂಪ ಎಂಬುದನ್ನು ಒಪ್ಪೋಣ. ಆದರೂ 1979ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಲಂಡನ್ನಿನ ಶಾಲೆಯ ಪ್ರಕರಣ ಮರೆಯುವಂಥದ್ದಲ್ಲ. ಹಿಂದಿನ ಅವಧಿಯಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ರಜೆ ಮುಗಿದ ಮೇಲೆ ಅಡುಗೆಗೆ ಬಳಸಿದರು. 78 ಹುಡುಗರು ವಾಂತಿ, ಭೇದಿ, ಹೊಟ್ಟೆನೋವಿನಿಂದ ನರಳಿದರು, 17 ಮಂದಿ ಆಸ್ಪತ್ರೆ ಸೇರಿದರು. ಎಲ್ಲರೂ ಚೇತರಿಸಿಕೊಂಡರು. ದೇಹತೂಕಕ್ಕೆ ತಕ್ಕಂತೆ ವಿಷದ ಪರಿಣಾಮವಾಗುವುದರಿಂದ, ಮಕ್ಕಳಿಗೆ ಬಡಿಸುವ ಅಡುಗೆಯಲ್ಲಿ ಈ ಎಚ್ಚರ ಇರಲೇಬೇಕು.

ಹಾಗಾದರೆ ಫ್ರಿಜ್‌ನಲ್ಲಿಡೋಣವೇ? ಚಳಿಗೆ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಅಂಥದ್ದನ್ನು ಕರಿದರೆ ಬೇಗ ಕಂದಾಗುವುದಲ್ಲದೆ ಅಕ್ರಿಲಮೈಡ್ ಎಂಬ ಬೇರೊಂದು ಬೇಡದ ರಾಸಾಯನಿಕವೂ ಹೆಚ್ಚುತ್ತದೆ. ಬೇಯಿಸಿ ಸಾಗು ಮಾಡುವುದಾದರೆ ಈ ಚಿಂತೆ ಇಲ್ಲ. ಚಿಪ್ಸ್‌ಗಾಗಿ ಬೆಳೆದ ಗಡ್ಡೆಯನ್ನು ಶೈತ್ಯಾಗಾರಗಳಲ್ಲಿ ಬಿತ್ತನೆ ಗಡ್ಡೆಗಿಂತ ಹೆಚ್ಚು ಉಷ್ಣತೆಯಲ್ಲಿ ಇಡುವುದು ಇದೇ ಕಾರಣಕ್ಕೆ. ಮನೆಯಲ್ಲಿ ಒಲೆಯಿಂದ ದೂರದ ತಂಪು ಮೂಲೆ, ಗಾಳಿಯಾಡುವ ಗೋಣಿಚೀಲ ಅಥವಾ ದಪ್ಪ ಕಾಗದದ ಚೀಲ ಸಾಕು. ಒಳಗು ಕಾಣುವ ಪ್ಲಾಸ್ಟಿಕ್ ಚೀಲದಲ್ಲಿ, ದೀಪದಡಿ ಮಾರಾಟಕ್ಕಿಡುವ ಪದ್ಧತಿಯನ್ನು ಅಂಗಡಿಗಳು ಬಿಡಬೇಕು. ರಾತ್ರಿ ಬಾಗಿಲು ಹಾಕುವಾಗ ರಾಶಿಯ ಮೇಲೊಂದು ಗೋಣಿ ಹೊದಿಸಲು ಖರ್ಚೇನೂ ಇಲ್ಲ.