ನಿಮಗಿದು ಗೊತ್ತೆ? ನಮ್ಮ ತ್ರಿವರ್ಣವೇ ಪರದೇಶಿ ಬಾವುಟವಾಗಿತ್ತು!

ಛತ್ರಪತಿ ಸಂಭಾಜಿನಗರದ (ಹಿಂದಿನ ಔರಂಗಾಬಾದ್) ಪಕ್ಕದ ಶೇಂದ್ರಾ ಇಂದು ಕಾರ್ಖಾನೆಗಳ ಊರು. 1947ರ ಆಗಸ್ಟ್ 15ರಂದು ಈ ಸೀಮೆಯಲ್ಲಿ ಸ್ವಾತಂತ್ರ್ಯವಿರಲಿಲ್ಲ. ಔರಂಗಾಬಾದ್ ಜಿಲ್ಲೆ ಆಗ ಹೈದರಾಬಾದ್ ನಿಜಾಮರ ಸಂಸ್ಥಾನದಲ್ಲಿತ್ತು. ಭಾರತಕ್ಕೆ ಸೇರಲೊಪ್ಪದ ನಿಜಾಮ್ ಸರ್ಕಾರಕ್ಕೆ ತ್ರಿವರ್ಣ ಧ್ವಜ ಬೇರೆ ದೇಶದ ಬಾವುಟ; ಅದನ್ನು ಏರಿಸಿದವರಿಗೆ ಸೆರೆಮನೆ. ಸರ್ಕಾರಿ ಕಟ್ಟಡಗಳ ಮೇಲೆ ಹಾರುತ್ತಿದ್ದದ್ದು ನಡುವೆ ಕುಲ್ಚಾ ರೊಟ್ಟಿಯ ದುಂಡು ಗುರುತಿದ್ದ ಹಳದಿ ಅಸಫ್‌ಜಾಹಿ ಬಾವುಟ. ನೆರೆಯ ನಾಸಿಕ್ ಮುಂಬೈ ಪ್ರಾಂತದಲ್ಲಿದ್ದುದರಿಂದ ಅಲ್ಲಿ ಅದೇ ದಿನ ತ್ರಿವರ್ಣಕ್ಕೆ ಸರ್ಕಾರಿ ಗೌರವ!

ಕನ್ನಡ ನಾಡೂ ಹೀಗೆಯೇ ಸೀಳಿಹೋಗಿತ್ತು. ಧಾರವಾಡ, ವಿಜಯಪುರದಲ್ಲಿ ಸಂಭ್ರಮ. ಬೀದರ್, ಕಲಬುರಗಿ, ರಾಯಚೂರಿನಲ್ಲಿ ನಿಷೇಧ. ಆ ನಿಷೇಧ ಮುರಿದು ಅಂದೇ ಬಂಧನಕ್ಕೊಳಗಾದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ನಾಯಕ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ ಎಂಬುದನ್ನು ನಾವು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಸಂಸ್ಥಾನದ ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವವಿತ್ತು. ನಿಜಾಮ್ ಪರ ಸಶಸ್ತ್ರ ಪಡೆಯಾದ ರಜಾಕಾರರ ದಾಳಿಗೆ, ಆಮೇಲಿನ ಹಿಂಸೆಗೆ ಹಿಂದೂ, ಮುಸ್ಲಿಂ ಎರಡೂ ಸಮುದಾಯದ ಬಡವರು ಬೆಂದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮ್ ಸರ್ಕಾರ ಮಣಿಯಿತು. ಅದಕ್ಕೇ ಪ್ರತಿವರ್ಷ ಸೆಪ್ಟೆಂಬರ್ 17ರಂದು ಸಂಭಾಜಿನಗರವಿರುವ ಮರಾಠವಾಡದಲ್ಲಿ ಮುಕ್ತಿಸಂಗ್ರಾಮ ದಿನ, ನಮ್ಮಲ್ಲಿ ಕಲ್ಯಾಣ ಕರ್ನಾಟಕ ಉತ್ಸವ ದಿನ. ಎರಡೂ ಕಡೆ ಸರ್ಕಾರವೇ ತ್ರಿವರ್ಣ ಹಾರಿಸುತ್ತದೆ.