ಅಂಬಾಸಿಡರ್‌ನ ಹಿಂದಿನ ಆಕ್ಸಲ್: ಬಿಚ್ಚುವ ಮುನ್ನ

2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನಲ್ಲಿ ಎಂಜಿನ್ ಮುಂದಿದ್ದರೂ ಚಾಲನೆ ದೊರೆಯುವುದು ಹಿಂದಿನ ಚಕ್ರಗಳಿಗೆ. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಅವನ್ನೇ. ಹಿಂಭಾಗವನ್ನು ಜಾಕಿನಿಂದ ಎತ್ತಿದೊಡನೆ ಆ ಚಕ್ರಗಳಿಗೂ ನೆಲಕ್ಕೂ ನಡುವಿನ ಘರ್ಷಣೆ ಇಲ್ಲವಾಗುತ್ತದೆ. ಆಗ ಹ್ಯಾಂಡ್ ಬ್ರೇಕ್, ಗೇರ್ ಎರಡೂ ಕಾರನ್ನು ತಡೆಯಲಾರವು. ಆದ್ದರಿಂದ ಮುಂದಿನ ಚಕ್ರಗಳ ಹಿಂದೆ, ಮುಂದೆ ಮರದ ತುಂಡು ಅಡ್ಡ ಕೊಡಬೇಕು. ಕಾರಿನ ಭಾರವನ್ನು ಜಾಕಿಗೆ ಬಿಡದೆ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು.

ಮರಳಿ ಜೋಡಿಸುವಾಗ ಲೀಫ್ ಸ್ಪ್ರಿಂಗ್‌ನ ತುದಿಯ ನಟ್ಟುಗಳನ್ನು ಚಕ್ರಗಳು ನೆಲ ಮುಟ್ಟಿದ ಮೇಲೆಯೇ ಪೂರ್ತಿ ಬಿಗಿಯಬೇಕು. ಎತ್ತಿದ ಸ್ಥಿತಿಯಲ್ಲೇ ಬಿಗಿದರೆ, ಕಾರು ಇಳಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಬಿಚ್ಚಿದ ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕದೆ ಕಾರು ಓಡಿಸಕೂಡದು. ಒತ್ತಡಕ್ಕೆ ದ್ರವ ಕುಗ್ಗುವುದು ಅತ್ಯಲ್ಪ. ಗಾಳಿಯಾದರೋ ಸುಲಭವಾಗಿ ಕುಗ್ಗುತ್ತದೆ. ಪೆಡಲಿನ ಒತ್ತಡ ಚಕ್ರವನ್ನು ತಲುಪುವುದೇ ಇಲ್ಲ.