ಹೊಳೆ ದಾಟುವ ಮಾತು, ಕಡಲಿಗಿಳಿಯುವ ಮಾತು

ನೀರಿನ ಮೇಲೆ ಪಯಣಿಸುವುದಕ್ಕೆ ಕನ್ನಡ ಪಠ್ಯಪುಸ್ತಕಗಳು ಕೊಡುವ ಹೆಸರು ಜಲಯಾನ. ನೌಕಾಯಾನ, ಸಮುದ್ರಯಾನ, ಜಲವಿಹಾರ, ನೌಕಾವಿಹಾರ ಅದರ ಬಳಗದವು. ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯೊಂದರಲ್ಲಿ ಶಾಲೆಯ ಮಗು ಸಮಾನಾರ್ಥಕ ಪದಗಳನ್ನು ಬರೆಯಲು ಕುಳಿತರೆ ಇವೇ ಸಾಲಾಗಿ ಬರುತ್ತವೆ. ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಇವುಗಳಲ್ಲಿ ಒಂದೂ ಆಡುಮಾತಿನಲ್ಲಿಲ್ಲ. ಅಲ್ಲಿಯವರ ಮಾತು ಚಿಕ್ಕದು: ‘ಹೊಳಿ ದಾಟಿ ಬಂದ್ವಿ.’

ಪುಸ್ತಕದ ಪದಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ಬಳಸಲು ಬರುವುದಿಲ್ಲ. ಯಾನ ಎಂದರೆ ಹೋಗುವುದು. ವಿಮಾನಯಾನ, ಚಂದ್ರಯಾನಗಳಲ್ಲಿ ಇರುವುದೂ ಅದೇ. ಜಲಯಾನ ಯಾವ ನೀರಿಗಾದರೂ ಸಲ್ಲುತ್ತದೆ. ನೌಕಾಯಾನಕ್ಕೆ ನಾವೆ ಬೇಕು. ವಿಹಾರ ಸೇರಿದ ಪದಗಳಲ್ಲಿ ಊರು ಮುಟ್ಟುವ ಉದ್ದೇಶವಿಲ್ಲ, ಸುತ್ತಾಡಿ ಹತ್ತಿದ ಕಡೆಯೇ ಇಳಿಯುವುದು ಅದರ ಅರ್ಥ. ಸಮುದ್ರಯಾನದ ಅರ್ಥವಂತೂ ಇತ್ತೀಚೆಗೆ ಹಿಗ್ಗಿದೆ. ಒಂದು ಕಾಲಕ್ಕೆ ಕಡಲು ದಾಟಿ ಪರದೇಶಕ್ಕೆ ಹೋಗುವುದನ್ನೂ ಅದಕ್ಕೆ ಅಂಟಿದ್ದ ಮಡಿವಂತರ ನಿಷೇಧವನ್ನೂ ನೆನಪಿಸುತ್ತಿದ್ದ ಈ ಪದ ಇಂದು ಪತ್ರಿಕೆಗಳಲ್ಲಿ ಆಳಸಮುದ್ರಕ್ಕೆ ಮನುಷ್ಯರನ್ನು ಇಳಿಸುವ ಭಾರತದ ಯೋಜನೆಯ ಹೆಸರಾಗಿಯೂ ಬರುತ್ತದೆ. ಕಚೇರಿಗಳ ಪದ ಮತ್ತೆ ಬೇರೆ: ಜಲಸಾರಿಗೆ. ರಾಜ್ಯ ಸರ್ಕಾರದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಎಂಬ ಇಲಾಖೆಯೇ ಇದೆ. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯ 111 ಜಲಮಾರ್ಗಗಳ ಪಟ್ಟಿಯಲ್ಲಿ ಕಾಳಿ, ಶರಾವತಿ, ನೇತ್ರಾವತಿಗಳ ಜೊತೆ ತುಂಗಭದ್ರೆಯೂ ಸೇರಿದೆ.

ಆದರೆ ತುಂಗಭದ್ರೆಯ ದಂಡೆಯಲ್ಲಿ ಹುಟ್ಟಿದ ಮಾತುಗಳಲ್ಲಿ ನದಿ ಮಾರ್ಗವಾಗಿ ಕಾಣುವುದು ಕಡಿಮೆ, ದಾಟಬೇಕಾದ ಅಡ್ಡಿಯಾಗಿ ಕಾಣುವುದೇ ಹೆಚ್ಚು. ಮಳೆಗಾಲದಲ್ಲಿ ತುಂಬಿ ಹರಿದು, ಬೇಸಿಗೆಯಲ್ಲಿ ಬಂಡೆ, ಮರಳು ತೋರಿಸುವ ಹೊಳೆಯಲ್ಲಿ ಊರಿಂದೂರಿಗೆ ಉದ್ದಕ್ಕೆ ದೋಣಿಯಲ್ಲಿ ಸಾಗುವುದು ಸುಲಭವಲ್ಲ. ಹಾಗಾಗಿ ಒಳನಾಡಿನ ಕನ್ನಡದಲ್ಲಿ ಜಲಯಾನದ ಮುಖ್ಯ ಕ್ರಿಯಾಪದ ದಾಟು. ಅದರ ಹಳೆಯ ಜೊತೆಗಾರ ಹಾಯು. ಆಳ ಕಡಿಮೆ ಇರುವಲ್ಲಿ ಕಾಲ್ನಡಿಗೆಯಲ್ಲಿ ಅಥವಾ ಗಾಡಿ ಕಟ್ಟಿಕೊಂಡು ಹೊಳೆ ಹಾಯುತ್ತಾರೆ. ಆಳವಿದ್ದರೆ ದೋಣಿ ಹತ್ತಿ ದಾಟುತ್ತಾರೆ. ಪ್ರಯಾಣಿಕ ದಾಟುತ್ತಾನೆ, ಅಂಬಿಗ ದಾಟಿಸುತ್ತಾನೆ. ‘ದೋಣಿ ಬಿಟ್ಟರು’ ಎಂದರೆ ದೋಣಿ ಹೊರಟಿತೆಂದೂ ಆಗುತ್ತದೆ, ಆ ಹೊಳೆಗೆ ದೋಣಿಯ ಸೌಕರ್ಯ ಬಂತೆಂದೂ ಆಗುತ್ತದೆ. ದೋಣಿ ಹತ್ತಿಳಿಯುವ ಜಾಗಕ್ಕೆ ಕಡವು ಎಂಬ ಅಚ್ಚ ಕನ್ನಡದ ಹೆಸರಿದೆ. ಈಗ ಅದು ಮರೆಯಾಗುತ್ತಿರುವುದು ಬೇಸರದ ಸಂಗತಿ.

ಈ ಹೊಳೆಯ ನಿಜವಾದ ವಾಹನ ಹರಿಗೋಲು. ಬಿದಿರಿನ ಸೀಳುಗಳನ್ನು ದುಂಡಗೆ ಹೆಣೆದು ಹೊರಗೆ ತೊಗಲು ಬಿಗಿಯುತ್ತಿದ್ದರು. ಮುಂದೆ ತೊಗಲಿನ ಜಾಗಕ್ಕೆ ಟಾರು ಬಳಿದ ಗೋಣಿ, ಪ್ಲಾಸ್ಟಿಕ್ ಹಾಳೆ ಬಂದವು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಇದೇ ತುಂಗಭದ್ರೆಯ ಮೇಲೆ ಬುಟ್ಟಿಯಂತೆ ದುಂಡಗಿರುವ, ಚರ್ಮ ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನಲ್ಲದೆ ಬೇಕೆಂದರೆ ಕುದುರೆ, ಎತ್ತುಗಳನ್ನೂ ಅವು ಹೊರುತ್ತಿದ್ದವು; ನೇರ ಹೋಗದೆ ಸುತ್ತುತ್ತಲೇ ಸಾಗುತ್ತಿದ್ದವು. ತಳ ದುಂಡಗಿದ್ದು ಮುಂಬದಿ ಹಿಂಬದಿಗಳಿಲ್ಲದ ದೋಣಿ ಸುತ್ತುವುದು ಸಹಜ. ಸೆಳೆತ ಜೋರಾದಾಗ ಅಂಬಿಗರು ಹರಿಗೋಲನ್ನು ದಡದಗುಂಟ ಮೇಲಕ್ಕೆ ಎಳೆದೊಯ್ದು ಅಲ್ಲಿಂದ ನೀರಿಗೆ ಬಿಡುತ್ತಿದ್ದರು. ಹೊಳೆಯೇ ಅದನ್ನು ಓರೆಯಾಗಿ ಎದುರು ದಡದ ಕಡವಿಗೆ ತಳ್ಳಿಕೊಂಡು ಹೋಗುತ್ತಿತ್ತು.

ಹರಿಹರದ ಬಳಿ ಹೊಳೆಗೆ ಕಲ್ಲು ಇಟ್ಟಿಗೆಯ ಸೇತುವೆ ಪೂರ್ಣಗೊಂಡದ್ದು 1868ರಲ್ಲಿ. ತಲಾ 60 ಅಡಿ ಅಗಲದ 14 ಕಮಾನುಗಳ ಆ ಸೇತುವೆ ಬೆಂಗಳೂರು-ಧಾರವಾಡ ಹೆದ್ದಾರಿಯನ್ನು ಜೋಡಿಸಿದ ಮೇಲೆ ಅಲ್ಲಿ ಅಂಬಿಗನ ಕೆಲಸ ಕುಗ್ಗಿತು. ಆದರೂ ಮಾತು ಉಳಿದಿದೆ: ಇಂದಿಗೂ ಬಸ್ಸಿನಲ್ಲಿ ಸೇತುವೆಯ ಮೇಲೆ ಹೋದವರು ‘ಹೊಳಿ ದಾಟಿದ್ವಿ’ ಎಂದೇ ಹೇಳುತ್ತಾರೆ.

ಅಂಬಿ ಎಂದರೆ ದೋಣಿ, ಅದನ್ನು ನಡೆಸುವವನು ಅಂಬಿಗ. ತಮಿಳಿನಲ್ಲೂ ಅಂಬಿ ಎಂದರೆ ದೋಣಿಯೇ. ಕನ್ನಡದಲ್ಲಿ ದೋಣಿಯ ಹೆಸರಾಗಿ ಅಂಬಿ ಬಳಕೆ ತಪ್ಪಿದೆ, ಅಂಬಿಗ ಮಾತ್ರ ಉಳಿದಿದ್ದಾನೆ. 12ನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಈ ಕಸುಬಿನ ಹೆಸರನ್ನೇ ತನ್ನ ಅಂಕಿತವಾಗಿಸಿಕೊಂಡ. ಬೇರೆ ಶರಣರ ಅಂಕಿತಗಳಲ್ಲಿ ಸಾಮಾನ್ಯವಾಗಿ ಇಷ್ಟದೈವದ ಹೆಸರಿರುತ್ತದೆ. ಚೌಡಯ್ಯನದು ತನ್ನದೇ ಹೆಸರು, ತನ್ನದೇ ದುಡಿಮೆ. ಹರಿಹರದಿಂದ ಹೊಳೆಯ ಕೆಳಹರಿವಿನಲ್ಲಿರುವ ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದ ಹೆಸರು ಅವನಿಂದಲೇ ಬಂತೆಂದು ಆ ಸೀಮೆಯ ಜನ ನಂಬುತ್ತಾರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆ ಕೃತಘ್ನರ ಬಗ್ಗೆ ಆಡುವುದು. ಈ ಮಾತಿನ ಹಿಂದೆ ಎಷ್ಟೋ ತಲೆಮಾರಿನ ಅಂಬಿಗರ ನೋವಿದೆ.

ದೋಣಿ ನಡೆಸುವ ಕೆಲಸದ ಪದಗಳಲ್ಲಿ ಬರವಣಿಗೆಯವರು ಎಡವುವುದು ಹುಟ್ಟು ಎಂಬಲ್ಲಿ. ಹುಟ್ಟು ಎಂದರೆ ನೀರನ್ನು ಹಿಂದಕ್ಕೆ ತಳ್ಳುವ ಮರದ ಸಾಧನ. ‘ಹುಟ್ಟು ಹಾಕಿದ’ ಎಂದು ಬಿಡಿಸಿ ಬರೆದರೆ ದೋಣಿ ನಡೆಸಿದ, ‘ಹುಟ್ಟುಹಾಕಿದ’ ಎಂದು ಕೂಡಿಸಿದರೆ ಸ್ಥಾಪಿಸಿದ. ಪತ್ರಿಕೆಗಳಲ್ಲಿ ಸಂಘ ಸಂಸ್ಥೆಗಳಿಗೂ ‘ಹುಟ್ಟು ಹಾಕಿದರು’ ಎಂಬ ಬರಹ ಎಷ್ಟೋ ಸಲ ಕಣ್ಣಿಗೆ ಬೀಳುತ್ತದೆ. ನೀರಿನ ಆಳ ಕಡಿಮೆ ಇರುವಲ್ಲಿ ಹುಟ್ಟಿಗಿಂತ ಗಳ ಅಥವಾ ಜಲ್ಲೆ ಅನುಕೂಲ. ಅದನ್ನು ತಳಕ್ಕೆ ಊರಿ ದೋಣಿಯನ್ನು ಮುಂದಕ್ಕೆ ನೂಕುತ್ತಾರೆ. ತೆಪ್ಪ ಮರದ ದಿಮ್ಮಿ ಅಥವಾ ಬಿದಿರನ್ನು ಜೋಡಿಸಿ ಕಟ್ಟಿದ್ದು. ದೇವಸ್ಥಾನಗಳ ತೆಪ್ಪೋತ್ಸವದಿಂದಾಗಿ ಹೊಳೆಯನ್ನೇ ಕಾಣದ ಊರಿನವರಿಗೂ ಈ ಪದ ಗೊತ್ತು.

ಕರಾವಳಿಗೆ ಇಳಿದರೆ ಕ್ರಿಯಾಪದವೇ ಬದಲಾಗುತ್ತದೆ. ಅಲ್ಲಿ ಎದುರು ದಡವಿಲ್ಲ. ‘ಕಡಲಿಗೆ ಇಳಿದರು’, ‘ಕಡಲಿಗೆ ಹೋದರು’ ಎಂದರೆ ಮೀನುಗಾರಿಕೆಗೆ ಹೋದರು ಎಂದೇ ಅರ್ಥ, ಬೇರೆ ವಿವರಣೆ ಬೇಡ. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದೊಡನೆ ಮಲ್ಪೆ, ಗಂಗೊಳ್ಳಿ, ಮಂಗಳೂರುಗಳ ಸುದ್ದಿಯಲ್ಲಿ ಬೋಟುಗಳು ಕಡಲಿಗೆ ಇಳಿಯುತ್ತವೆ. ಹೆಸರುಗಳೂ ಅಲ್ಲಿ ಹೆಚ್ಚು: ಪಾತಿ ದೋಣಿ, ನಾಡದೋಣಿ, ರಂಪಣಿ ದೋಣಿ, ಸರಕು ಹೊರುವ ಮಂಜಿ. ಹಡಗು ಹಳಗನ್ನಡದಲ್ಲಿ ಪಡಗು. ಪಾಲು ಹಾಲಾದಂತೆ ಪಕಾರ ಹಕಾರವಾಗಿದೆ. ಹಾಯಿಯ ಕಥೆಯೂ ಅದೇ, ತಮಿಳಿನ ಪಾಯ್ ಎಂಬುದು ಚಾಪೆಯೂ ಹೌದು, ಹಾಯಿಯೂ ಹೌದು. ಬಂದರು, ಲಂಗರುಗಳು ಪಾರಸಿಯಿಂದ ವ್ಯಾಪಾರದ ದಾರಿ ಹಿಡಿದು ಬಂದವು.

ದಾವಣಗೆರೆಯಂಥ ಬಯಲುಸೀಮೆಯ ವ್ಯಾಪಾರದ ಊರಿನಲ್ಲಿ ದೋಣಿ ಹತ್ತುವ ಸಂದರ್ಭವೇ ಅಪರೂಪ. ಆದರೂ ನೀರಿನ ಪಯಣದ ಮಾತಿಲ್ಲದೆ ಅಲ್ಲಿ ದಿನ ಕಳೆಯುವುದಿಲ್ಲ. ಪಾರ ಎಂದರೆ ಆಚೆಯ ದಡ. ಜ್ವರದಿಂದ, ಸಾಲದಿಂದ, ಅಪಘಾತದಿಂದ ಜನ ಪಾರಾಗುತ್ತಾರೆ. ಮಗಳ ಮದುವೆ ಮಾಡಿ ಮುಗಿಸಿದ ತಂದೆ ದಡ ಸೇರಿದೆ ಎನ್ನುತ್ತಾನೆ. ಪಾಲುದಾರ ನಡುನೀರಿನಲ್ಲಿ ಕೈಬಿಡುತ್ತಾನೆ. ಪಕ್ಷಗಳು ಅಧಿಕಾರದ ಚುಕ್ಕಾಣಿ ಹಿಡಿಯುತ್ತವೆ; ಈ ಕೊನೆಯ ಮಾತು ಎಷ್ಟು ಸವೆದಿದೆಯೆಂದರೆ ಚುಕ್ಕಾಣಿಯೆಂದರೆ ಹಡಗಿನ ದಿಕ್ಕು ತಿರುಗಿಸುವ ಸಾಧನವೆಂಬುದು ಓದುಗರ ಮನಸ್ಸಿಗೆ ಬರುವುದೇ ಇಲ್ಲ.

ಹೊಸ ತಲೆಮಾರಿನ ಮಾತಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿರುವ ಪದ ಬೋಟಿಂಗ್. ಕೆರೆಗೆ, ಅಣೆಕಟ್ಟಿನ ಹಿನ್ನೀರಿಗೆ ಹೋದವರು ಬೋಟಿಂಗ್ ಮಾಡುತ್ತಾರೆ ಅಥವಾ ಬೋಟಿಂಗಿಗೆ ಹೋಗುತ್ತಾರೆ. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುತ್ತಿದ್ದವರದು ಬೋಟಿಂಗ್ ಅಲ್ಲ. ಅವರು ‘ಲಾಂಚಲ್ಲಿ ಹೋಗಿದ್ವಿ’ ಎನ್ನುತ್ತಿದ್ದರು, 2025ರಲ್ಲಿ ಸೇತುವೆ ಬರುವವರೆಗೆ ಅದು ದಿನದ ಅಗತ್ಯವಾಗಿತ್ತು. ಬೋಟಿಂಗ್ ಬರಿಯ ಮೋಜಿಗೆ. ಅದೇ ಅರ್ಥಕ್ಕೆ ಪ್ರವಾಸಿ ತಾಣಗಳ ಫಲಕಗಳಲ್ಲಿ ದೋಣಿ ವಿಹಾರ ಎಂಬ ಪದ ಬಳಕೆಗೆ ಬಂದಿದೆ. ನೌಕಾವಿಹಾರದಷ್ಟು ಭಾರವಿಲ್ಲದೆ, ಓದಿದ ಯಾರಿಗೂ ತಿಳಿಯುವಂತೆ ಇರುವ ಇದು ಒಳ್ಳೆಯ ಪದ. ಶಾಲೆಯ ಸಮಾನಾರ್ಥಕಗಳ ಪಟ್ಟಿಗೂ ಇದನ್ನು ಸೇರಿಸಿಕೊಳ್ಳಬೇಕು.